ತಟ್ಟೆ ಇಡ್ಲಿಗೊಂದು ನ್ಯಾಯ, ಬಾಟಲಿಗೊಂದು ನ್ಯಾಯ

ಬೆಂಗಳೂರು ಬಿಟ್ಟು ಹಳೆಯ ಮೈಸೂರು ರಸ್ತೆಯಲ್ಲಿ ಮೂವತ್ತು ಚಿಲ್ಲರೆ ಕಿಲೋಮೀಟರು ಬಂದರೆ ಬಿಡದಿ. ಊರು ಬಂತೆಂದು ತಿಳಿಯಲು ಮೈಲಿಗಲ್ಲು ನೋಡಬೇಕಾಗಿಲ್ಲ, ತಟ್ಟೆ ಇಡ್ಲಿಯ ಬೋರ್ಡುಗಳೇ ಕೂಗಿ ಹೇಳುತ್ತವೆ. ಒಂದು ಹೋಟೆಲು ತನ್ನದೇ ಅಸಲಿ ಎನ್ನುತ್ತದೆ. ಎದುರಿನದು ತಾನು ಅದಕ್ಕಿಂತ ಹಳಬ ಎನ್ನುತ್ತದೆ. ಬೆಣ್ಣೆ ಕರಗುತ್ತಿರುವ ಇಡ್ಲಿಯ ಚಿತ್ರ ಆಳೆತ್ತರಕ್ಕೆ ನಿಂತಿರುತ್ತದೆ. ನಾಳೆ ಆ ಹೋಟೆಲಿನವರು 'ಎರಡು ತಿಂದರೆ ಮೂರನೆಯದು ಉಚಿತ' ಎಂದು ಬ್ಯಾನರು ಕಟ್ಟಿದರೂ, ಬಾಗಿಲಲ್ಲಿ ನಾದಸ್ವರ ಊದಿಸಿದರೂ, ಸಿನಿಮಾ ನಟನನ್ನು ಕರೆಸಿ ಇಡ್ಲಿ ತಿನ್ನಿಸಿದರೂ ಯಾರೂ ಆಕ್ಷೇಪಿಸುವುದಿಲ್ಲ. ಬ್ಯಾನರಿಗೆ ಪುರಸಭೆಯ ಅನುಮತಿ ಪಡೆದಿದ್ದರೆ ಸಾಕು.

ಅದೇ ಊರಿನಲ್ಲಿ ಒಂದು ಬಾರ್ ಅಂಡ್ ರೆಸ್ಟೋರೆಂಟ್ ಇದೆಯೆನ್ನಿ. ಅದರ ಮಾಲೀಕರು ಹೆದ್ದಾರಿಯಲ್ಲಿ ಹೋಗುವವರಿಗೆ ಕಾಣುವಂತೆ 'ಇಲ್ಲಿ ಮದ್ಯ ದೊರೆಯುತ್ತದೆ' ಎಂದು ಬೋರ್ಡು ನಿಲ್ಲಿಸುವಂತಿಲ್ಲ. ಟಿ.ವಿ.ಯಲ್ಲಿ ವಿಸ್ಕಿಯ ಜಾಹೀರಾತು ಬರುವಂತಿಲ್ಲ. ಸಂಜೆ ವಾದ್ಯಗೋಷ್ಠಿ ಇಡಿಸಬೇಕೆಂದರೆ ಮದ್ಯ ಮಾರುವ ಪರವಾನಗಿಯೊಂದೇ ಸಾಲದು. ಇಪ್ಪತ್ತೊಂದು ತುಂಬದ ಹುಡುಗ ಕೈಯಲ್ಲಿ ದುಡ್ಡು ಹಿಡಿದು ಬಂದರೂ ಕೊಡುವಂತಿಲ್ಲ. ಇಬ್ಬರೂ ತೆರಿಗೆ ಕಟ್ಟುವವರೇ, ಇಬ್ಬರೂ ವ್ಯಾಪಾರಿಗಳೇ. ಹೀಗಿರುವಾಗ ಒಬ್ಬರಿಗೆ ಒಂದು ನ್ಯಾಯ, ಇನ್ನೊಬ್ಬರಿಗೆ ಇನ್ನೊಂದು ನ್ಯಾಯ ಯಾಕೆ? ಪೌರನೀತಿಯ ತರಗತಿಯಲ್ಲಿ ಯಾವನಾದರೂ ಚುರುಕು ಹುಡುಗ ಎದ್ದು ನಿಂತು ಕೇಳಬಹುದಾದ ಪ್ರಶ್ನೆ ಇದು.

ಇದಕ್ಕೆ ಉತ್ತರ ಸಿಕ್ಕಿದ್ದು ಕರ್ನಾಟಕದ್ದೇ ಒಂದು ಮೊಕದ್ದಮೆಯಲ್ಲಿ. ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1994ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಿತು. ಯಾವುದೇ ಕಸುಬು, ವ್ಯಾಪಾರ ಮಾಡುವ ಹಕ್ಕನ್ನು ಸಂವಿಧಾನದ 19ನೇ ವಿಧಿ ನಾಗರಿಕರಿಗೆ ಕೊಟ್ಟಿದೆ, ನಿಜ. ಆದರೆ ಕುಡಿಯುವ ಮದ್ಯದ ವ್ಯಾಪಾರ ಆ ಮೂಲಭೂತ ಹಕ್ಕಿನೊಳಗೆ ಬರುವುದಿಲ್ಲ ಎಂದಿತು ನ್ಯಾಯಾಲಯ. ಸರ್ಕಾರ ಬೇಕಾದರೆ ಅದನ್ನು ಪೂರ್ತಿ ನಿಷೇಧಿಸಬಹುದು, ಬೇಕಾದರೆ ತಾನೇ ನಡೆಸಬಹುದು, ಬೇಕಾದರೆ ಷರತ್ತು ಹಾಕಿ ಬೇರೆಯವರಿಗೆ ಬಿಡಬಹುದು. ಪಾನನಿರೋಧಕ್ಕೆ ಸರ್ಕಾರಗಳು ಪ್ರಯತ್ನಿಸಬೇಕು ಎನ್ನುವ 47ನೇ ವಿಧಿಯೂ ಇದರ ಬೆನ್ನಿಗಿದೆ.

ಎಂದರೆ ಇಡ್ಲಿ ಮಾರುವುದು ಹಕ್ಕು, ಮದ್ಯ ಮಾರುವುದು ಸರ್ಕಾರ ಕೊಟ್ಟ ಅನುಮತಿ. ನಮ್ಮ ಅಬಕಾರಿ ಇಲಾಖೆಯ ಭಾಷೆಯಲ್ಲಿ ಅದರ ಹೆಸರು 'ಸನ್ನದು', ಪಡೆದವನು 'ಸನ್ನದುದಾರ'. ಹಿಂದಿನ ಕಾಲದಲ್ಲಿ ಅರಸರು ಬರೆದುಕೊಡುತ್ತಿದ್ದ ಸನ್ನದಿನ ಹಾಗೆಯೇ ಇದೂ ಷರತ್ತುಗಳ ಕಾಗದ, ಷರತ್ತು ಮುರಿದರೆ ವಾಪಸ್ಸು.

ಆ ಸನ್ನದು ಕೊಡುವ ಕೈಯೇ ಬೊಕ್ಕಸವನ್ನೂ ಹಿಡಿದಿದೆ ಎನ್ನುವುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. 2024-25ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಅಬಕಾರಿಯಿಂದ ನಿರೀಕ್ಷಿಸಿದ್ದ ವರಮಾನ 38,525 ಕೋಟಿ ರೂಪಾಯಿ. ಕುಡಿಯಬೇಡಿ ಎನ್ನುವವರೂ ಅವರೇ, ಕುಡಿದರೆ ಇಷ್ಟು ಬರುತ್ತದೆ ಎಂದು ಲೆಕ್ಕ ಹಾಕುವವರೂ ಅವರೇ.

ಸನ್ನದಿನಲ್ಲಿ ಹಲವು ಬಗೆ. ಸಿಎಲ್-2 ಎಂದರೆ ನಾವು ವೈನ್ ಸ್ಟೋರ್ ಎನ್ನುವ ಚಿಲ್ಲರೆ ಅಂಗಡಿ. ಅಲ್ಲಿ ಕೊಂಡು ಹೋಗಬೇಕೇ ಹೊರತು ನಿಂತು ಕುಡಿಯುವಂತಿಲ್ಲ. ಅಂಗಡಿಯ ಪಕ್ಕದ ಸಂದಿಯಲ್ಲಿ ಪ್ಲಾಸ್ಟಿಕ್ ಲೋಟ, ಖಾರದ ಕಡಲೆ, ನೀರಿನ ಪೊಟ್ಟಣ ಮಾರುವ ಗೂಡಂಗಡಿ ಹುಟ್ಟಿಕೊಂಡಿದ್ದರೆ ಅಲ್ಲಿ ಏನು ನಡೆಯುತ್ತಿದೆ ಎಂದು ನೀವೇ ಊಹಿಸಬಹುದು. ಸಿಎಲ್-9 ಎಂದರೆ ಬಾರ್ ಅಂಡ್ ರೆಸ್ಟೋರೆಂಟ್, ಸಿಎಲ್-7 ಎಂದರೆ ವಸತಿಗೃಹದ ಜೊತೆಗಿನ ಬಾರ್, ಸಿಎಲ್-4 ಕ್ಲಬ್ಬು. ಮದುವೆ ಮನೆಯಲ್ಲೋ ತೋಟದ ಮನೆಯಲ್ಲೋ ಒಂದು ಸಂಜೆಗೆ ಮದ್ಯ ಹಂಚುವುದಕ್ಕೂ ಸಿಎಲ್-5 ಎಂಬ ಸಾಂದರ್ಭಿಕ ಸನ್ನದು ಬೇಕು.

ಎಲ್ಲಿ ತೆರೆಯಬೇಕು ಎನ್ನುವುದಕ್ಕೂ ಅಳತೆಯುಂಟು. ಸನ್ನದುಗಳ ಸಾಮಾನ್ಯ ಷರತ್ತುಗಳ ಬಗ್ಗೆ 1967ರಲ್ಲಿ ಬಂದ ನಿಯಮಗಳ ಪ್ರಕಾರ ಶಾಲೆ ಕಾಲೇಜು, ಆಸ್ಪತ್ರೆ, ದೇವಸ್ಥಾನ, ಮಸೀದಿ, ಚರ್ಚು, ಸರ್ಕಾರಿ ಕಚೇರಿಗಳಿಂದ ನೂರು ಮೀಟರಿನೊಳಗೆ ಮದ್ಯದಂಗಡಿ ಇರುವಂತಿಲ್ಲ. ಗಣಿತ ಓದುವ ಮಕ್ಕಳಿಗೆ ಇದರಲ್ಲೊಂದು ಸ್ವಾರಸ್ಯವಿದೆ. ಆ ನೂರು ಮೀಟರನ್ನು ನಕ್ಷೆಯ ಮೇಲೆ ಅಡಿಪಟ್ಟಿಯಿಟ್ಟು ಅಳೆಯುವುದಲ್ಲ. ಅಂಗಡಿಯ ಬಾಗಿಲಿನ ಮಧ್ಯದಿಂದ ಶಾಲೆಯ ಗೇಟಿನ ಮಧ್ಯಕ್ಕೆ ಮನುಷ್ಯ ಸಾಮಾನ್ಯವಾಗಿ ನಡೆದುಹೋಗುವ ಹತ್ತಿರದ ದಾರಿಯನ್ನು ಅಳೆಯಬೇಕು. ಕಾಗೆ ಅರವತ್ತು ಮೀಟರು ಹಾರುವ ಕಡೆ ಮನುಷ್ಯ ನೂರಿಪ್ಪತ್ತು ಮೀಟರು ನಡೆಯಬೇಕಾಗಿದ್ದರೆ ಅಂಗಡಿಗೆ ಅಡ್ಡಿಯಿಲ್ಲ.

ಹೆದ್ದಾರಿಯ ಬೋರ್ಡು

ಬಿಡದಿಯಂಥ ಊರಿಗೆ ಎಲ್ಲಕ್ಕಿಂತ ಹೆಚ್ಚು ತಟ್ಟಬೇಕಾದದ್ದು 2016ರ ಡಿಸೆಂಬರ್ 15ರಂದು ಬಂದ ಸುಪ್ರೀಂ ಕೋರ್ಟಿನ ಆದೇಶ. ಕುಡಿದು ವಾಹನ ಓಡಿಸಿ ಆಗುವ ಅಪಘಾತಗಳನ್ನು ಮುಂದಿಟ್ಟುಕೊಂಡು ನ್ಯಾಯಾಲಯ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರಿನೊಳಗೆ ಮದ್ಯದಂಗಡಿ ಕೂಡದು ಎಂದಿತು. 2017ರ ಮಾರ್ಚಿ 31ರಂದು ಇಪ್ಪತ್ತು ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಆ ದೂರವನ್ನು 220 ಮೀಟರಿಗೆ ಇಳಿಸಿತು, ಬಾರುಗಳನ್ನೂ ಆದೇಶದೊಳಗೆ ತಂದಿತು. ನಮ್ಮಲ್ಲಿ ಅಬಕಾರಿ ವರ್ಷ ಮುಗಿಯುವುದು ಜೂನ್ 30ಕ್ಕೆ. ಹಾಗಾಗಿ 2017ರ ಜುಲೈ 1ರ ಬೆಳಿಗ್ಗೆ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲೂ ಬಾರುಗಳು ಬಾಗಿಲು ಹಾಕಿದ್ದವು. ಊರ ನಡುವಿನ ಆ ರಸ್ತೆಯೂ ದಾಖಲೆಯಲ್ಲಿ ಹೆದ್ದಾರಿ ಎಂದು ಬಹಳ ಜನಕ್ಕೆ ಗೊತ್ತಾದದ್ದೇ ಅಂದು. ಹತ್ತು ದಿನದಲ್ಲಿ, ಜುಲೈ 11ರಂದು, ನಗರ ಮತ್ತು ಪಟ್ಟಣಗಳ ಆಡಳಿತದ ಎಲ್ಲೆಯೊಳಗಿನ ಅಂಗಡಿಗಳಿಗೆ ಈ ನಿಷೇಧ ಅನ್ವಯಿಸುವುದಿಲ್ಲ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಪುರಸಭೆಯುಳ್ಳ ಬಿಡದಿಯಂಥ ಊರುಗಳಿಗೂ ಆ ಸಡಿಲಿಕೆಯ ದಾರಿ ತೆರೆಯಿತು.

ಈ ಗದ್ದಲದಲ್ಲಿ ಮೊದಲ ಆದೇಶದ ಇನ್ನೊಂದು ಮಾತು ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. ಹೆದ್ದಾರಿಗಳ ಮೇಲೆ ಮದ್ಯ ಸಿಗುತ್ತದೆ ಎಂದು ಸಾರುವ ಎಲ್ಲ ಫಲಕ, ಜಾಹೀರಾತುಗಳನ್ನು ಕೂಡಲೇ ತೆಗೆಯಬೇಕು ಎಂದು ಅದರಲ್ಲಿತ್ತು. ಮದ್ಯದಂಗಡಿ ಹೆದ್ದಾರಿಗೆ ಕಾಣಿಸಲೂ ಬಾರದು, ಹೆದ್ದಾರಿಯಿಂದ ನೇರವಾಗಿ ಅದಕ್ಕೆ ದಾರಿಯೂ ಇರಬಾರದು ಎಂದೂ ಇತ್ತು. ಅಂಗಡಿಯನ್ನು ದೂರ ಒಯ್ಯುವುದಕ್ಕಿಂತ ಇದು ಜಾಣ ಯೋಚನೆ ಎಂದು ನನಗನ್ನಿಸುತ್ತದೆ. ಕುಡಿಯಲೇಬೇಕೆಂದು ಹೊರಟವನು ಅರ್ಧ ಕಿಲೋಮೀಟರು ಹೆಚ್ಚು ಹೋದಾನು. ಮೈಸೂರಿಗೆಂದು ಹೊರಟು, ಇಡ್ಲಿ ತಿನ್ನಲು ಬಿಡದಿಯಲ್ಲಿ ಇಳಿದು, ಎದುರಿನ ಬೋರ್ಡು ಕಂಡು ಮನಸ್ಸು ಬದಲಾಯಿಸುವವನೇ ಬೇರೆ. ಬೋರ್ಡು ಕರೆಯುವುದು ಈ ಎರಡನೆಯವನನ್ನು, ಅವನ ಕೈಯಲ್ಲಿ ಕಾರಿನ ಚಕ್ರವಿರುತ್ತದೆ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಊರನ್ನು ಬಳಸಿಕೊಂಡು ಹೋಗುತ್ತದೆ. ಹಳೆಯ ರಸ್ತೆಯಲ್ಲಿ ಇಡ್ಲಿಗೆ ನಿಲ್ಲುವವರು ಈಗಲೂ ನಿಲ್ಲುತ್ತಾರೆ.

ಹಾಡಿಗೂ ಕುಣಿತಕ್ಕೂ ಬೇರೆ ಕಾಗದ

ಮದ್ಯದ ಸನ್ನದು ಮದ್ಯ ಮಾರುವುದಕ್ಕೆ ಮಾತ್ರ. ಅಲ್ಲಿ ಹಾಡಿಸುವುದು, ಕುಣಿಸುವುದು ಪೊಲೀಸರ ವ್ಯಾಪ್ತಿಗೆ ಬರುವ ಇನ್ನೊಂದು ವಿಷಯ. 1963ರ ಕರ್ನಾಟಕ ಪೊಲೀಸ್ ಕಾಯಿದೆಯ 31ನೇ ಕಲಮು ಸಾರ್ವಜನಿಕ ಮನರಂಜನೆಯ ಸ್ಥಳಗಳನ್ನು ಹದ್ದುಬಸ್ತಿನಲ್ಲಿಡುವ ಆದೇಶ ಹೊರಡಿಸಲು ನಗರಗಳಲ್ಲಿ ಪೊಲೀಸ್ ಕಮಿಷನರಿಗೂ, ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿಗೂ ಅಧಿಕಾರ ಕೊಡುತ್ತದೆ. ಈ ಅಧಿಕಾರದಿಂದಲೇ 2005ರಲ್ಲಿ ಬೆಂಗಳೂರು ನಗರಕ್ಕೆ ಒಂದು ಆದೇಶ ಬಂತು. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊಥೆಕ್ ನಡೆಸುವವರು ಪ್ರತ್ಯೇಕ ಲೈಸೆನ್ಸು ಪಡೆಯಬೇಕು ಎಂದು ಅದು ಹೇಳಿತು. ಹೋಟೆಲಿನ ಲೈಸೆನ್ಸು ಇರುವಾಗ ಇನ್ನೊಂದು ಯಾಕೆ ಎಂದು ಲೈವ್ ಬ್ಯಾಂಡ್ ರೆಸ್ಟೋರೆಂಟುಗಳ ಸಂಘ ದೆಹಲಿಯವರೆಗೂ ಹೋಯಿತು. 2018ರ ಜನವರಿ 25ರಂದು ಸುಪ್ರೀಂ ಕೋರ್ಟು ಆದೇಶವನ್ನು ಎತ್ತಿಹಿಡಿಯಿತು.

ಆ ಆದೇಶ ಬೆಂಗಳೂರು ನಗರದ್ದು, ಬಿಡದಿ ಅದರ ಹೊರಗೆ. ಹಾಗೆಂದು ಇಲ್ಲಿ ಯಾವ ಅಂಕೆಯೂ ಇಲ್ಲವೆಂದು ತಿಳಿಯಬೇಡಿ. 2000ದ ಶಬ್ದಮಾಲಿನ್ಯ ನಿಯಮಗಳು ಇಡೀ ದೇಶಕ್ಕೆ ಒಂದೇ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಜನವಸತಿಯ ಕಡೆ ರಾತ್ರಿಯ ಮಿತಿ 45 ಡೆಸಿಬಲ್. ಆಸ್ಪತ್ರೆ, ಶಾಲೆಗಳ ಸುತ್ತ ನೂರು ಮೀಟರನ್ನು ನಿಶ್ಶಬ್ದ ವಲಯವೆಂದು ಗುರುತಿಸಿದ್ದರೆ 40. ಹತ್ತನೇ ತರಗತಿಯ ಮಗು ಪರೀಕ್ಷೆಗೆ ಓದುತ್ತಿರುವಾಗ ಹಿಂದಿನ ತೋಟದಲ್ಲಿ ಮಧ್ಯರಾತ್ರಿವರೆಗೆ ಡಿಜೆ ಬಡಿಯುತ್ತಿದ್ದರೆ ಸಹಿಸಿಕೊಂಡು ಕೂರಬೇಕಾಗಿಲ್ಲ. 112ಕ್ಕೆ ಫೋನು ಮಾಡಲು ಸಂಕೋಚವೂ ಬೇಡ. ಬಾರಿನ ಜೊತೆ ಬರುತ್ತಿದ್ದ ಇನ್ನೊಂದು ಆಕರ್ಷಣೆ ಹುಕ್ಕಾ. ಅದರ ಮಾರಾಟ, ಸೇವನೆ ಎರಡನ್ನೂ ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ನಿಷೇಧಿಸಿತು.

ಮನರಂಜನೆಯ ನಿಯಮಗಳೆಲ್ಲವೂ ಸರಿಯಾಗಿಯೇ ಇದ್ದವು ಎಂದೇನೂ ಅಲ್ಲ. ಕೆಲವು ನಿಯಮಗಳು ಮದ್ಯದ ವ್ಯಾಪಾರವನ್ನು ಬಿಟ್ಟು ಅಲ್ಲಿ ದುಡಿಯುವ ಹೆಣ್ಣುಮಕ್ಕಳನ್ನು ಕಟ್ಟಿಹಾಕಲು ಹೋದವು. ದೆಹಲಿಯಲ್ಲಿ ಜಾರಿಯಲ್ಲಿದ್ದ ಹಳೆಯ ಪಂಜಾಬ್ ಅಬಕಾರಿ ಕಾಯಿದೆ ಮದ್ಯ ಬಡಿಸುವ ಜಾಗದಲ್ಲಿ ಹೆಂಗಸರು ಕೆಲಸ ಮಾಡುವುದನ್ನೇ ತಡೆದಿತ್ತು. 2007ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದು ಸಲ್ಲದೆಂದಿತು. ಮಹಾರಾಷ್ಟ್ರದಲ್ಲಿ ಆರ್ಕೆಸ್ಟ್ರಾ ಇರುವ ಬಾರುಗಳ ವೇದಿಕೆಯ ಮೇಲೆ ನಾಲ್ವರು ಗಂಡಸರು, ನಾಲ್ವರು ಹೆಂಗಸರು ಮಾತ್ರ ಇರಬೇಕೆಂಬ ಷರತ್ತಿತ್ತು. ಅದೂ 2022ರ ಫೆಬ್ರುವರಿಯಲ್ಲಿ ಬಿದ್ದುಹೋಯಿತು. ಹಾಡುವವಳು ಹೆಂಗಸೋ ಗಂಡಸೋ ಎನ್ನುವುದರಿಂದ ಕುಡಿಯುವವನ ಲೋಟ ದೊಡ್ಡದೋ ಚಿಕ್ಕದೋ ಆಗುವುದಿಲ್ಲವಲ್ಲ!

ಒಂದು ಕೊಂಡರೆ ಒಂದು ಉಚಿತ

ಲೋಟ ದೊಡ್ಡದಾಗುವುದು ಬೆಲೆಯಿಂದ. ಇದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕತೆ ಕೇಳಬೇಕು. 1983ರಲ್ಲಿ ಅಲ್ಲಿನ ಬ್ರೇಂಟ್ರಿ ಎಂಬ ಊರಿನ ರೆಸ್ಟೋರೆಂಟೊಂದರಲ್ಲಿ, ಕೇಳಿಸಿದ ಹಾಡು ಯಾವುದೆಂದು ಹೇಳಿದವರಿಗೆ ಹೂಜಿಗಟ್ಟಲೆ ಬಿಯರು ಉಚಿತ ಎಂಬ ಪಂದ್ಯವಿತ್ತು. ಹುಡುಗ ಹುಡುಗಿಯರ ಗುಂಪೊಂದು ಗೆದ್ದಿತು, ಕುಡಿಯಿತು. ಹೊರಗೆ ಬಂದು ಕಾರು ನಿಲ್ಲಿಸಿದ ಜಾಗದಲ್ಲಿ ಕಾರಿನ ಮೇಲೇರಿ ಆಟಕ್ಕಿಳಿಯಿತು. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಕೆಳಗೆ ಬಿದ್ದು, ಕಾರಿಗೆ ಸಿಕ್ಕಿ ಸತ್ತಳು. ಮರುವರ್ಷವೇ ಆ ರಾಜ್ಯ 'ಹ್ಯಾಪಿ ಅವರ್' ಎಂಬ ಅಗ್ಗದ ಗಂಟೆಗಳನ್ನೂ, ಮದ್ಯವನ್ನು ಬಹುಮಾನವಾಗಿ ಕೊಡುವುದನ್ನೂ ನಿಷೇಧಿಸಿತು. ಅಲ್ಲಿ ಸಂಗೀತ, ಪಂದ್ಯ, ಉಚಿತ ಬಿಯರು ಮೂರೂ ಒಟ್ಟಿಗಿದ್ದವು. ಬಿಡಿಬಿಡಿಯಾಗಿ ನೋಡಿದರೆ ಒಂದೊಂದೂ ನಿರುಪದ್ರವಿಯಂತೆ ಕಾಣುತ್ತದೆ.

ಅಗ್ಗದ ಗಂಟೆಯ ತೊಂದರೆ ಸರಳ. ನಮ್ಮ ಪಿತ್ತಜನಕಾಂಗ ಮದ್ಯವನ್ನು ಕರಗಿಸುವುದು ತನ್ನದೇ ನಿಧಾನಗತಿಯಲ್ಲಿ, ಸುಮಾರಾಗಿ ಗಂಟೆಗೆ ಒಂದು ಸಣ್ಣ ಅಳತೆಯಷ್ಟು. ಏಳು ಗಂಟೆಗೆ ಅರ್ಧ ಬೆಲೆ ಮುಗಿಯುತ್ತದೆ ಎಂದಾಗ ಕುಡಿಯುವವನು ಆರೂಐವತ್ತಕ್ಕೆ ಮೂರು ಲೋಟ ತರಿಸಿಟ್ಟುಕೊಳ್ಳುತ್ತಾನೆ. ಗಡಿಯಾರದ ಅವಸರ ಅವನ ಜೇಬಿಗೆ ಗೊತ್ತು, ಪಿತ್ತಜನಕಾಂಗಕ್ಕೆ ಗೊತ್ತಿಲ್ಲ. ಇದನ್ನರಿತೇ ಐರ್ಲೆಂಡ್ 2003ರಲ್ಲಿ ದಿನದ ಕೆಲವು ಹೊತ್ತಿಗಷ್ಟೇ ಬೆಲೆ ಇಳಿಸುವುದನ್ನು ತಡೆಯಿತು. ಇಂಗ್ಲೆಂಡಿನಲ್ಲಿ 2010ರಿಂದ ಕುಡಿತದ ಪಂದ್ಯಗಳಿಗೂ, ಗಿರಾಕಿಯ ಬಾಯಿಗೆ ನೇರವಾಗಿ ಮದ್ಯ ಸುರಿಯುವ ಚೇಷ್ಟೆಗೂ ತಡೆ ಬಿತ್ತು. ಕೇಳಿದವರಿಗೆ ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕೆಂಬ ಷರತ್ತೂ ಅದೇ ಪಟ್ಟಿಯಲ್ಲಿ ಸೇರಿತು. ನಮ್ಮ ದೆಹಲಿ ಈ ಪಾಠವನ್ನು 2022ರಲ್ಲಿ ಬೀದಿಯಲ್ಲಿ ಕಲಿಯಿತು. ಖಾಸಗಿ ಅಂಗಡಿಗಳು ಪೈಪೋಟಿಗೆ ಬಿದ್ದು ಒಂದಕ್ಕೊಂದು ಉಚಿತ ಎಂದವು, ಜನ ಸಾಲುಗಟ್ಟಿ ನಿಂತರು. ಫೆಬ್ರುವರಿ ಕೊನೆಯಲ್ಲಿ ಸರ್ಕಾರ ಎಲ್ಲ ರಿಯಾಯಿತಿಗಳನ್ನೂ ನಿಲ್ಲಿಸಿ, ಏಪ್ರಿಲಿನಲ್ಲಿ ಶೇಕಡ 25ರ ಮಿತಿ ಹಾಕಿ ಮತ್ತೆ ಬಿಟ್ಟಿತು.

ಬೆಂಗಳೂರಿನ ಪಬ್ಬುಗಳಲ್ಲಿ ಹ್ಯಾಪಿ ಅವರ್ ಹೊಸದೇನಲ್ಲ. ಪಬ್ಬಿನಿಂದ ಮನೆಗೆ ಹೋಗುವ ದಾರಿ ಎಷ್ಟುದ್ದ ಎನ್ನುವುದು ಮುಖ್ಯ. ವಾರಾಂತ್ಯಕ್ಕೆ ಊರು ಬಿಟ್ಟು ಮೂವತ್ತು ಕಿಲೋಮೀಟರು ಬಂದವನು ಅಷ್ಟೇ ದೂರ ಹಿಂದಿರುಗಬೇಕು. ನೂರು ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯ ಇಟ್ಟುಕೊಂಡು ವಾಹನ ಓಡಿಸಿದರೆ ಮೊದಲ ತಪ್ಪಿಗೇ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ಸೆರೆ, ಇಲ್ಲವೇ ಎರಡೂ. 2019ರ ತಿದ್ದುಪಡಿ ಇದನ್ನು ತಂದಿತು.

ಸೋಡಾದ ವೇಷ

ಟಿ.ವಿ.ಯಲ್ಲಿ ಮದ್ಯದ ಜಾಹೀರಾತನ್ನು 1994ರ ಕೇಬಲ್ ಟೆಲಿವಿಷನ್ ನಿಯಮಗಳ 7ನೇ ನಿಯಮ ತಡೆಯುತ್ತದೆ. ಕಂಪನಿಗಳು ಸುಮ್ಮನಿರುತ್ತವೆಯೇ? ವಿಸ್ಕಿಯ ಹೆಸರಿನ ಸೋಡಾ ಬಂತು, ಬಿಯರಿನ ಹೆಸರಿನ ಕುಡಿಯುವ ನೀರು ಬಂತು, ಹಾಡಿನ ಕ್ಯಾಸೆಟ್ಟು, ಇಸ್ಪೀಟಿನ ಕಟ್ಟು, ಗಾಜಿನ ಲೋಟ ಎಲ್ಲ ಬಂದವು. ಸೋಡಾ ಕುಡಿದು ಸಿನಿಮಾ ನಾಯಕ ಅಷ್ಟೊಂದು ಯಾಕೆ ಬೀಗುತ್ತಾನೆ ಎಂದು ಟಿ.ವಿ. ಮುಂದೆ ಕೂತ ಅಜ್ಜಿಗೆ ಅರ್ಥವಾಗಲಿಲ್ಲ, ಮೊಮ್ಮಗನಿಗೆ ಅರ್ಥವಾಯಿತು. 2022ರ ಜೂನ್ 9ರಂದು ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಹೊರಬಂದ ಮಾರ್ಗಸೂಚಿಗಳು ಇಂಥ ವೇಷದ ಜಾಹೀರಾತನ್ನು ಕೂಡದೆಂದಿವೆ. 1915ಕ್ಕೆ ಕರೆ ಮಾಡಿ ದೂರು ಹೇಳಬಹುದು.

ನಮ್ಮ ಹುಡುಗರಿಗೆ ತೀರ ಹತ್ತಿರದ ಉದಾಹರಣೆ ಕ್ರಿಕೆಟ್ಟಿನದು. 2008ರಲ್ಲಿ ಐಪಿಎಲ್ ಆರಂಭವಾದಾಗ ಬೆಂಗಳೂರಿನ ತಂಡವನ್ನು ಕೊಂಡದ್ದು ವಿಜಯ್ ಮಲ್ಯ ಅವರ ಯುಬಿ ಸಮೂಹ. ತಂಡಕ್ಕೆ ರಾಯಲ್ ಚಾಲೆಂಜರ್ಸ್ ಎಂಬ ಹೆಸರು ಬಂದದ್ದು ಅವರದೇ ಒಂದು ವಿಸ್ಕಿಯ ಹೆಸರಿನಿಂದ. 'ಈ ಸಲ ಕಪ್ ನಮ್ದೆ' ಎಂದು ವರ್ಷಗಟ್ಟಲೆ ಕೂಗಿ, 2025ರಲ್ಲಿ ಕಪ್ ಬಂದಾಗ ಕುಣಿದ ಮಕ್ಕಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಗೊತ್ತಿಲ್ಲದಿದ್ದರೂ ಹೆಸರು ನಾಲಿಗೆಯ ಮೇಲಿದೆ, ಅಂಗಿಯ ಮೇಲಿದೆ. ಜಾಹೀರಾತಿನವರಿಗೆ ಬೇಕಾಗಿರುವುದೂ ಅಷ್ಟೇ. ತಂಡವನ್ನು ಮೆಚ್ಚಬಾರದು ಎಂದು ನಾನು ಹೇಳುತ್ತಿಲ್ಲ, ಮೆಚ್ಚುವಾಗ ಹೆಸರಿನ ಮೂಲ ಗೊತ್ತಿರಲಿ.

ಹದಿನೆಂಟೋ ಇಪ್ಪತ್ತೊಂದೋ

ಇಷ್ಟೆಲ್ಲ ನಿಯಮ ಯಾರನ್ನು ಕಾಯಲಿಕ್ಕೆ? 1965ರ ಕರ್ನಾಟಕ ಅಬಕಾರಿ ಕಾಯಿದೆ 21 ವರ್ಷವಾಗದವರಿಗೆ ಮದ್ಯ ಮಾರಬಾರದು ಎನ್ನುತ್ತದೆ. 2023ರ ಜನವರಿಯಲ್ಲಿ ಇದನ್ನು 18ಕ್ಕೆ ಇಳಿಸುವ ಕರಡು ನಿಯಮ ಹೊರಬಂತು. ಪೋಷಕರಿಂದ, ಸಂಘಸಂಸ್ಥೆಗಳಿಂದ ವಿರೋಧ ಬಂದು ಅದೇ ತಿಂಗಳು ಸರ್ಕಾರ ಅದನ್ನು ಕೈಬಿಟ್ಟಿತು. ಗೋವಾದಲ್ಲಿ ಈ ವಯಸ್ಸು 18, ಕೇರಳದಲ್ಲಿ 23, ದೆಹಲಿಯಲ್ಲಿ 25. ಹದಿನೆಂಟಕ್ಕೆ ಮತ ಹಾಕಬಹುದು, ಕಾರು ಓಡಿಸಬಹುದು, ಬಿಯರು ಮಾತ್ರ ಯಾಕೆ ಬೇಡ ಎಂದು ಮಗ ಕೇಳಿದರೆ ಗದರಿಸಿ ಸುಮ್ಮನಾಗಿಸಬೇಡಿ. ಪ್ರಶ್ನೆಯಲ್ಲಿ ಹುರುಳಿದೆ. ಹದಿನೆಂಟಕ್ಕೆ ಕಾರು ಓಡಿಸಲು ಬಿಟ್ಟಿರುವುದೇ ಇದಕ್ಕೊಂದು ಉತ್ತರ. ಓಡಿಸುವುದು ಹೊಸತು, ಕುಡಿಯುವುದೂ ಹೊಸತು ಎಂದಾದರೆ ಎರಡೂ ಒಂದೇ ಸಂಜೆ ಕೂಡಬಾರದು. ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಂತೂ ಚರ್ಚೆಯೇ ಇಲ್ಲ. ಅವರಿಗೆ ಮದ್ಯ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯಿದೆಯ 77ನೇ ಕಲಮಿನಂತೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ.

ಬಿಡದಿಯಲ್ಲಿ ಈ ವಯಸ್ಸಿನ ಪ್ರಶ್ನೆ ಬಹಳ ಮನೆಗಳದು. ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 1999ರಲ್ಲಿ ಕಾರು ತಯಾರಿಕೆ ಆರಂಭವಾದ ಮೇಲೆ ಕೈಗಾರಿಕೆಗಳು ಒಂದರ ಹಿಂದೆ ಒಂದು ಬಂದವು. ಐಟಿಐ, ಡಿಪ್ಲೊಮಾ ಮುಗಿಸಿ ಹತ್ತೊಂಬತ್ತಕ್ಕೇ ಸಂಬಳ ಎಣಿಸುವ ಹುಡುಗರು, ಊರು ಬಿಟ್ಟು ಬಂದು ನಾಲ್ವರು ಸೇರಿ ಒಂದು ಕೋಣೆ ಹಿಡಿದವರು ಇಲ್ಲಿ ಬೇಕಾದಷ್ಟಿದ್ದಾರೆ. ಮೊದಲ ಸಂಬಳಕ್ಕೆ 'ಪಾರ್ಟಿ' ಕೊಡಿಸು ಎಂದು ಗೆಳೆಯರು ಕೇಳುವ ದಿನ, ಎಲ್ಲಿ ಏನು ಅಗ್ಗ ಎಂದು ಹೇಳಲು ಈಗ ಹೆದ್ದಾರಿಯ ಬೋರ್ಡು ಬೇಡ. ಜೇಬಿನಲ್ಲಿರುವ ಫೋನೇ ಸಾಕು. ರಸ್ತೆಯ ಮೇಲಿನ ಫಲಕ ಎಲ್ಲರಿಗೂ ಕಾಣುತ್ತಿತ್ತು, ಅಪ್ಪನಿಗೂ ಮೇಷ್ಟರಿಗೂ ಅಬಕಾರಿ ಇನ್‌ಸ್ಪೆಕ್ಟರಿಗೂ. ಫೋನಿನ ಕರೆಯೋಲೆ ಹುಡುಗನೊಬ್ಬನಿಗೇ ಕಾಣುತ್ತದೆ. ಅದರಲ್ಲಿ ವಯಸ್ಸಿನ ಮಾತು ಇದೆಯೇ, ಆ ಸಂಜೆ ಬಾಗಿಲಲ್ಲಿ ವಯಸ್ಸಿನ ದಾಖಲೆ ಕೇಳುತ್ತಾರೆಯೇ, 'ವಿದ್ಯಾರ್ಥಿಗಳಿಗೆ ವಿಶೇಷ ರಿಯಾಯಿತಿ' ಎಂದು ಬರೆದವರು ಯಾವ ವಿದ್ಯಾರ್ಥಿಗಳನ್ನು ಕರೆಯುತ್ತಿದ್ದಾರೆ ಎಂದು ಮಗನ ಜೊತೆ ಕೂತು ಓದಿ ನೋಡಿ. ಪದವಿ ಕಾಲೇಜಿನಲ್ಲಿ ಹೆಚ್ಚಿನವರಿಗೆ ಇಪ್ಪತ್ತೊಂದು ಆಗಿರುವುದಿಲ್ಲ. ಇದು ಲೆಕ್ಕ ಬಲ್ಲ ಯಾರಿಗೂ ತಿಳಿಯುತ್ತದೆ, ಆ ರಿಯಾಯಿತಿ ಬರೆದವರಿಗೂ.

ಅಂಥ ಕರೆಯೋಲೆ ಕಂಡರೆ ಅದರ ಚಿತ್ರವನ್ನು ತಾರೀಕು ಸಮೇತ ಉಳಿಸಿಕೊಳ್ಳಿ. ಒಂದು ಹಾಳೆಯಲ್ಲಿ ಅಂಗಡಿಯ ಹೆಸರು, ಜಾಗ, ಸನ್ನದಿನ ಬಗೆ ಬರೆದು ರಾಮನಗರದಲ್ಲಿರುವ ಅಬಕಾರಿ ಉಪ ಆಯುಕ್ತರ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಶಾಲೆಯ ಗೇಟಿನಿಂದ ದೂರದ ತಕರಾರಾಗಿದ್ದರೆ ಟೇಪು ಹಿಡಿದು, ನಡೆಯುವ ದಾರಿಯಲ್ಲೇ ಅಳೆದು, ಅಂಕಿಯನ್ನು ಅರ್ಜಿಯಲ್ಲಿ ಬರೆಯಿರಿ. ಅಬಕಾರಿ ವರ್ಷ ಆರಂಭವಾಗುವುದು ಜುಲೈ 1ಕ್ಕೆ. ಮುಂದಿನ ವರ್ಷದ ಸನ್ನದಿಗೆ ಮುದ್ರೆ ಬೀಳುವ ಮುಂಚೆ ನಿಮ್ಮ ಮಾತು ಕಡತ ಸೇರಬೇಕೆಂದಿದ್ದರೆ ಅರ್ಜಿಯನ್ನು ಮೇ ತಿಂಗಳಲ್ಲೇ ಕೊಡುವುದು ಮೇಲು. ಆಗ ಮಕ್ಕಳಿಗೂ ಬೇಸಿಗೆ ರಜೆ, ಟೇಪಿನ ಇನ್ನೊಂದು ತುದಿ ಹಿಡಿಯಲು ಜನ ಸಿಗುತ್ತಾರೆ.